ಬಜೆಟ್ ಹಾಕುವ ಮೊದಲು ಇರುವುದನ್ನು ಬರೆಯಿರಿ

ತಿಂಗಳ ಬಜೆಟ್ ಹಾಕಲು ಕುಳಿತಾಗ ನಾವು ಸಾಮಾನ್ಯವಾಗಿ ಕೊರತೆಯಿಂದಲೇ ಆರಂಭಿಸುತ್ತೇವೆ. ಅದರ ಬದಲು ಜಮಾ-ಖರ್ಚಿನ ಪುಸ್ತಕದ ಮೊದಲ ಪುಟದಲ್ಲಿ, ಈಗಾಗಲೇ ನಮ್ಮ ಕೈಸೇರಿರುವುದನ್ನೂ ಅದು ಯಾರಿಂದ ಬಂತೆಂಬುದನ್ನೂ ಬರೆದಿಡುವುದು ಒಳ್ಳೆಯದು. ತಂದೆ-ತಾಯಿ ಕಟ್ಟಿಸಿದ ಮನೆಯಲ್ಲಿ ವಾಸವಿದ್ದರೆ, ಅದರಿಂದ ಉಳಿಯುವ ಬಾಡಿಗೆಯನ್ನು ಅಂದಾಜಿಸಿ ರೂಪಾಯಿಗಳಲ್ಲೇ ನಮೂದಿಸಿ, ಅದರಲ್ಲೊಂದು ಪಾಲನ್ನು ಅವರ ಆರೋಗ್ಯ ವಿಮೆಯ ಕಂತಿಗೆ ಎತ್ತಿಡಬಹುದು. ಕೃತಜ್ಞತೆಗೂ ಲೆಕ್ಕವೇ ಎಂದು ಕೆಲವರು ಕೇಳಿಯಾರು. ಬಾಯಿಮಾತಿನ ಕೃತಜ್ಞತೆ ತಿಂಗಳ ಕೊನೆಯ ಹೊತ್ತಿಗೆ ಮರೆತೇಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಸಂಬಳದಾರರು ನೌಕರರ ಭವಿಷ್ಯ ನಿಧಿಯ ಪಾಸ್‌ಬುಕ್ಕನ್ನೂ ತೆರೆದು ನೋಡಬೇಕು. ಮೂಲವೇತನ ಮತ್ತು ತುಟ್ಟಿಭತ್ಯೆಯ ಮೇಲೆ ಸಾಮಾನ್ಯವಾಗಿ ಶೇ. 12ರಷ್ಟು ನಮ್ಮಿಂದ ಕಡಿತವಾದರೆ, ಅಷ್ಟನ್ನೇ ಉದ್ಯೋಗದಾತರೂ ಕೊಡುತ್ತಾರೆ. ಅವರ ಪಾಲಿನ ಒಂದು ಭಾಗ ಪಿಂಚಣಿ ಯೋಜನೆಗೆ ಹೋಗುತ್ತದೆ. ಇದರೊಂದಿಗೆ, ನೌಕರರಿಂದ ಯಾವ ಕಂತನ್ನೂ ಪಡೆಯದ, ಗರಿಷ್ಠ 7 ಲಕ್ಷ ರೂಪಾಯಿವರೆಗಿನ ಜೀವವಿಮೆಯೂ ಇದೆ ಎಂಬುದು ಎಷ್ಟೋ ಜನರಿಗೆ ತಿಳಿದಿರುವುದಿಲ್ಲ. ಇದನ್ನೂ ಅದೇ ಪುಟದಲ್ಲಿ ಸೇರಿಸಿದರೆ, ಹೊಸ ಪಾಲಿಸಿ ಎಷ್ಟರದು ಬೇಕೆಂಬುದನ್ನು ಸಮಾಧಾನವಾಗಿ ನಿರ್ಧರಿಸಬಹುದು. ಮದುವೆಯಾದವರು ನಾಮಿನಿಯ ವಿವರವನ್ನು ಹೊಸದಾಗಿ ಸಲ್ಲಿಸಿದ್ದಾರೆಯೇ ಎಂಬುದನ್ನೂ ಆಗಲೇ ಪರಿಶೀಲಿಸಿಕೊಳ್ಳುವುದು ಲೇಸು.