ಹಿಜ್ಕೀಯನು ಹರಡಿದ ಪತ್ರ: ಚಿಂತೆಯನ್ನು ದೇವರ ಕೈಗೆ ಒಪ್ಪಿಸುವ ಕ್ರಮ

ನಾಳೆಯ ವಿಷಯವಾಗಿ ಚಿಂತಿಸಬೇಡಿರಿ ಎಂದು ಯೇಸು ಸ್ವಾಮಿಯು ಬೆಟ್ಟದ ಮೇಲೆ ಬೋಧಿಸಿದ ಮಾತು (ಮತ್ತಾಯ 6:25–34) ವಿಶ್ವಾಸಿಗಳಲ್ಲಿ ಹೆಚ್ಚಿನವರಿಗೆ ಬಾಯಿಪಾಠವೇ ಆಗಿರುತ್ತದೆ. ಆದರೆ ಆಸ್ಪತ್ರೆಯ ವರದಿ ಕೈಗೆ ಬಂದ ದಿನ, ಸಾಲದ ಕಂತು ಕಟ್ಟಲಾಗದ ತಿಂಗಳು, ಓದು ಮುಗಿಸಿದ ಮಗನಿಗೆ ಕೆಲಸ ಸಿಗದೆ ಮತ್ತೊಂದು ವರ್ಷ ಉರುಳುತ್ತಿರುವಾಗ ಆ ಮಾತನ್ನು ಪಾಲಿಸುವುದು ಹೇಗೆ ಎಂಬುದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ದೇವರನ್ನು ನಂಬಿರಿ ಎನ್ನುವವರು ಅನೇಕರಿದ್ದಾರೆ. ನಂಬುವವನು ಬೆಳಿಗ್ಗೆ ಎದ್ದು ಮೊದಲು ಮಾಡಬೇಕಾದ ಕೆಲಸವೇನು ಎಂದು ತಿಳಿಸುವವರು ವಿರಳ. ಇದರಿಂದಾಗಿ ಎಷ್ಟೋ ಮಂದಿ ಚಿಂತೆಯ ಭಾರದೊಂದಿಗೆ, ತಮ್ಮ ನಂಬಿಕೆಯೇ ಸಾಲದೆಂಬ ಅಪರಾಧ ಭಾವವನ್ನೂ ಹೊತ್ತು ನಡೆಯುತ್ತಾರೆ. ಭಯಪಟ್ಟ ಒಬ್ಬ ದೇವಭಕ್ತನು ಒಂದರ ನಂತರ ಒಂದಾಗಿ ಏನೇನು ಮಾಡಿದನೆಂಬುದನ್ನು ಸತ್ಯವೇದವು ಬಹಳ ವಿವರವಾಗಿ ದಾಖಲಿಸಿದೆ. ಆ ಭಕ್ತನು ಯೆಹೂದದ ಅರಸನಾದ ಹಿಜ್ಕೀಯ. ಎರಡನೆಯ ಅರಸುಗಳ ಪುಸ್ತಕದ 18ರಿಂದ 20ರವರೆಗಿನ ಅಧ್ಯಾಯಗಳನ್ನು ತೆರೆದಿಟ್ಟುಕೊಂಡು ಈ ಬರಹವನ್ನು ಓದಿದರೆ ಹೆಚ್ಚು ಪ್ರಯೋಜನವಾಗುತ್ತದೆ.

ಕ್ರಿ.ಪೂ. 701ರಲ್ಲಿ ಅಶ್ಶೂರದ ಅರಸನಾದ ಸನ್ಹೇರೀಬನು ಯೆಹೂದದ ಮೇಲೆ ದಂಡೆತ್ತಿ ಬಂದನು. ಕೋಟೆಗಳುಳ್ಳ 46 ಪಟ್ಟಣಗಳನ್ನು ಹಿಡಿದೆನೆಂದೂ ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಯೆರೂಸಲೇಮಿನಲ್ಲಿ ಕೂಡಿಹಾಕಿದೆನೆಂದೂ ಅವನು ಬರೆಸಿದ ಜೇಡಿಮಣ್ಣಿನ ಶಾಸನದ ಒಂದು ಪ್ರತಿ ಇಂದಿಗೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಹಿಜ್ಕೀಯನ ಭಯಕ್ಕೆ ಗಟ್ಟಿಯಾದ ಕಾರಣವಿತ್ತು ಎಂಬುದಕ್ಕೆ ಶತ್ರುವಿನ ದಾಖಲೆಯೇ ಸಾಕ್ಷಿ. ಅವನು ಮೊದಲು ಹಣ ಕೊಟ್ಟು ಅಪಾಯವನ್ನು ದೂರಮಾಡಲು ನೋಡಿದನು. ಮುನ್ನೂರು ತಲಾಂತು ಬೆಳ್ಳಿ, ಮೂವತ್ತು ತಲಾಂತು ಬಂಗಾರ (ತಲಾಂತು ಎಂಬುದು ಆ ಕಾಲದ ತೂಕದ ಅಳತೆ). ಅದಕ್ಕಾಗಿ ದೇವಾಲಯದ ಬಾಗಿಲುಗಳಿಗೆ ತಾನೇ ಹೊದಿಸಿದ್ದ ಬಂಗಾರವನ್ನೂ ಕಿತ್ತುಕೊಟ್ಟನು. ಆದರೂ ಸೈನ್ಯವು ಯೆರೂಸಲೇಮಿನ ಗೋಡೆಯ ಬಳಿಗೆ ಬಂದು ನಿಂತಿತು.

ಭಯದ ಮಾತಿಗೆ ಉತ್ತರ ಕೊಡಬೇಡಿ

ಅಶ್ಶೂರದ ಅಧಿಕಾರಿಯಾದ ರಬ್ಷಾಕೆಯು ಗೋಡೆಯ ಹೊರಗೆ ನಿಂತು ಕೂಗಿದ ಮಾತುಗಳನ್ನು ನಿಧಾನವಾಗಿ ಓದಿ ನೋಡಿ. ಅವನಾಡಿದ್ದೆಲ್ಲವೂ ಸುಳ್ಳಲ್ಲ. ಅಶ್ಶೂರರು ಅನೇಕ ಜನಾಂಗಗಳನ್ನು ನಾಶಮಾಡಿದ್ದು ನಿಜ, ಐಗುಪ್ತವನ್ನು (ಈಜಿಪ್ಟನ್ನು) ನೆಚ್ಚಿಕೊಂಡರೆ ಪ್ರಯೋಜನವಿಲ್ಲವೆಂಬುದೂ ನಿಜ. ಆ ನಿಜಗಳ ನಡುವೆ, ಯೆಹೋವನು ನಿಮ್ಮನ್ನು ರಕ್ಷಿಸಲಾರನು ಎಂಬ ಒಂದು ಸುಳ್ಳನ್ನು ಅವನು ಸೇರಿಸಿದನು. ಅರಾಮ್ಯ ಭಾಷೆಯಲ್ಲಿ ಮಾತಾಡು ಎಂದು ಅರಸನ ಅಧಿಕಾರಿಗಳು ಕೇಳಿಕೊಂಡರೂ ಅವನು ಒಪ್ಪಲಿಲ್ಲ. ಗೋಡೆಯ ಮೇಲಿದ್ದ ಸಾಮಾನ್ಯ ಜನರಿಗೆ ತಿಳಿಯಲೆಂದು ಅವರದೇ ಭಾಷೆಯಲ್ಲಿ ಗಟ್ಟಿಯಾಗಿ ಕೂಗಿದನು. ಚಿಂತೆಯು ನಮ್ಮೊಳಗೆ ಕೆಲಸಮಾಡುವ ರೀತಿಯೂ ಬೇರೆಯಲ್ಲ. ವರದಿಯಲ್ಲಿ ತೊಂದರೆಯಿದೆ ಎಂಬ ನಿಜದಿಂದ ಅದು ಆರಂಭಿಸುತ್ತದೆ, ಚಿಕಿತ್ಸೆಗೆ ಹಣ ಸಾಲದು ಎಂಬ ಇನ್ನೊಂದು ನಿಜಕ್ಕೆ ಬರುತ್ತದೆ, ಕೊನೆಗೆ ದೇವರು ನನ್ನನ್ನು ಕೈಬಿಟ್ಟಿದ್ದಾನೆ ಎಂಬಲ್ಲಿ ತಂದು ನಿಲ್ಲಿಸುತ್ತದೆ. ಮೊದಲ ಎರಡು ಮಾತುಗಳು ನಿಜವಾಗಿರುವುದರಿಂದಲೇ ಮೂರನೆಯದನ್ನೂ ನಾವು ಪ್ರಶ್ನಿಸದೆ ಒಪ್ಪಿಕೊಂಡುಬಿಡುತ್ತೇವೆ.

ಜನರು ಅವನಿಗೆ ಒಂದು ಮಾತಿನ ಉತ್ತರವನ್ನೂ ಕೊಡದೆ ಸುಮ್ಮನಿದ್ದರು, ಏಕೆಂದರೆ ಅರಸನು ಹಾಗೆಂದು ಆಜ್ಞಾಪಿಸಿದ್ದನು. ಇಲ್ಲಿ ಕಲಿಯಬೇಕಾದ ಮೊದಲ ಅಭ್ಯಾಸವಿದೆ. ರಾತ್ರಿ ಎಚ್ಚರವಾಗಿ, ಹೀಗಾದರೆ ಏನು ಗತಿ, ಹಾಗಾದರೆ ಏನು ಗತಿ ಎಂದು ಮನಸ್ಸು ವಾದ ಹೂಡಿದಾಗ, ಹಾಗೇನೂ ಆಗುವುದಿಲ್ಲ ಎಂದು ಪ್ರತಿವಾದಕ್ಕೆ ಇಳಿಯಬೇಡಿ. ಆ ವಾದದಲ್ಲಿ ಗೆಲ್ಲುವವರಿಲ್ಲ, ಏಕೆಂದರೆ ನಾಳೆ ಏನಾಗುತ್ತದೆಂಬುದು ಚಿಂತೆಗೂ ತಿಳಿಯದು, ನಮಗೂ ತಿಳಿಯದು. ಎದ್ದು ಕುಳಿತು, ಈ ವಿಷಯವನ್ನು ಬೆಳಿಗ್ಗೆ ದೇವರ ಮುಂದೆ ತರುತ್ತೇನೆ ಎಂದು ಬಾಯಿಬಿಟ್ಟು ಹೇಳಿ, ಬಾಯಿಪಾಠವಾಗಿರುವ ಒಂದು ಕೀರ್ತನೆಯನ್ನು ಮೆಲುದನಿಯಲ್ಲಿ ಹೇಳಿಕೊಳ್ಳಿರಿ. ಭಯಪಡುವುದಿಲ್ಲ ಎಂದು ಹೇಳದೆ, ಭಯವುಂಟಾದಾಗ ನಿನ್ನನ್ನೇ ನಂಬುತ್ತೇನೆ ಎಂದು ಹೇಳುವ 56ನೆಯ ಕೀರ್ತನೆಯು ಇಂಥ ಹೊತ್ತಿಗೆ ಬಹಳ ಒಪ್ಪುತ್ತದೆ. ಭಯವೂ ನಂಬಿಕೆಯೂ ಒಂದೇ ಎದೆಯಲ್ಲಿ ಒಟ್ಟಿಗಿರಬಹುದೆಂದು ದಾವೀದನೇ ಅದರಲ್ಲಿ ಒಪ್ಪಿಕೊಂಡಿದ್ದಾನೆ.

ಪತ್ರವನ್ನು ಹರಡುವುದು

ಬಳಿಕ ಸನ್ಹೇರೀಬನು ದೂತರ ಕೈಯಲ್ಲಿ ಬೆದರಿಕೆಯ ಪತ್ರವೊಂದನ್ನು ಕಳುಹಿಸಿದನು. ಹಿಜ್ಕೀಯನು ಅದನ್ನು ತೆಗೆದುಕೊಂಡು ಓದಿ, ಯೆಹೋವನ ಆಲಯಕ್ಕೆ ಹೋಗಿ, ಆತನ ಮುಂದೆ ಹರಡಿದನು (2 ಅರಸುಗಳು 19:14). ಕಣ್ಣಿಲ್ಲದವನಿಗೆ ಓದಿ ಹೇಳುವಂತೆ ಅರಸನು ದೇವರಿಗೆ ಆ ಪತ್ರದ ವಿಷಯವನ್ನು ತಿಳಿಸಬೇಕಾಗಿರಲಿಲ್ಲ. ಆತನಿಗೆ ಎಲ್ಲವೂ ಮೊದಲೇ ತಿಳಿದಿತ್ತು. ಆದರೂ ಅವನು ಪತ್ರವನ್ನೇ ಕೊಂಡೊಯ್ದನು. ಇಡೀ ಚರಿತ್ರೆಯಲ್ಲಿ ನಮ್ಮ ದಿನನಿತ್ಯದ ಬದುಕಿಗೆ ಇದಕ್ಕಿಂತ ಹತ್ತಿರವಾದ ಸಂಗತಿ ಇನ್ನೊಂದಿಲ್ಲವೆಂದು ನಾನು ನಂಬಿದ್ದೇನೆ, ಆದ್ದರಿಂದ ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ.

ಚಿಂತೆಗೆ ಸ್ಪಷ್ಟವಾದ ಆಕಾರವಿಲ್ಲದಿರುವುದೇ ಅದರ ಬಲ. ಆದುದರಿಂದ ಮೊದಲು ಅದನ್ನು ಕಾಗದದ ಮೇಲೆ ತನ್ನಿರಿ. ಒಂದು ನೋಟ್‌ಪುಸ್ತಕದಲ್ಲಿ ದಿನಾಂಕವನ್ನು ಹಾಕಿ, 'ಮನೆಯ ತೊಂದರೆ' ಎಂದು ಒಟ್ಟಾರೆಯಾಗಿ ಬರೆಯದೆ, 'ಮಗಳ ಕಾಲೇಜಿನ ಶುಲ್ಕ 45,000 ರೂಪಾಯಿ, ಜೂನ್ 10ರ ಒಳಗೆ. ಕೈಯಲ್ಲಿರುವುದು 18,000' ಎಂದು ಬರೆಯಿರಿ. ಹೀಗೆ ಬರೆದಾಗ ಎಲ್ಲೆಡೆ ಹಬ್ಬಿದ್ದ ಭಯವು 27,000 ರೂಪಾಯಿಯ ಒಂದು ಕೊರತೆಯಾಗಿ ಕಣ್ಣೆದುರು ನಿಲ್ಲುತ್ತದೆ. ಬ್ಯಾಂಕಿನ ನೋಟಿಸ್, ಪ್ರಯೋಗಾಲಯದ ವರದಿ, ಬಾಡಿಗೆ ಮನೆ ಖಾಲಿಮಾಡಬೇಕೆಂಬ ಪತ್ರ ಇತ್ಯಾದಿ ಇದ್ದರೆ ಅವನ್ನೇ ಪ್ರಾರ್ಥನೆಯ ಮೇಜಿನ ಮೇಲೆ ಬಿಡಿಸಿಡಿ. ಮೊಬೈಲ್‌ಗೆ ಬಂದ ಸಂದೇಶವಾದರೆ ಕೈಯಲ್ಲಿ ನಕಲು ಮಾಡಿಕೊಳ್ಳಿ, ಏಕೆಂದರೆ ಪ್ರಾರ್ಥನೆಗೆಂದು ಮೊಬೈಲ್ ಹಿಡಿದವರು ಎರಡೇ ನಿಮಿಷದಲ್ಲಿ ಬೇರೊಂದನ್ನು ನೋಡುತ್ತಿರುತ್ತಾರೆ.

ಆನಂತರ ಹಿಜ್ಕೀಯನ ಪ್ರಾರ್ಥನೆಯ ಕ್ರಮವನ್ನೇ (19:15–19) ಹಿಡಿಯಬಹುದು. ಅವನು ತನ್ನ ಕಷ್ಟದಿಂದ ಆರಂಭಿಸಲಿಲ್ಲ. ಭೂಮ್ಯಾಕಾಶಗಳನ್ನು ಉಂಟುಮಾಡಿದವನು ನೀನೇ ಎಂದು ದೇವರು ಯಾರೆಂಬುದನ್ನು ಮೊದಲು ಹೇಳಿದನು. ಕಿವಿಗೊಟ್ಟು ಕೇಳು, ಕಣ್ಣಿಟ್ಟು ನೋಡು ಎಂದು ಮಗುವಿನಂತೆ ಬೇಡಿದನು. ಅಶ್ಶೂರದ ಅರಸರು ಜನಾಂಗಗಳನ್ನು ಹಾಳುಮಾಡಿದ್ದು ನಿಜವೆಂದು ವಸ್ತುಸ್ಥಿತಿಯನ್ನು ಮರೆಮಾಚದೆ ಒಪ್ಪಿಕೊಂಡನು. ಕೊನೆಗೆ, ನಮ್ಮನ್ನು ರಕ್ಷಿಸು ಎಂದು ನೇರವಾಗಿ ಕೇಳಿದನು. ನಮ್ಮ ಪ್ರಾರ್ಥನೆಗಳಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಮೂರನೆಯ ಭಾಗ. ಕಾಯಿಲೆ ಇಲ್ಲವೆಂದು ಘೋಷಿಸಿದರೆ ಅದೇ ನಂಬಿಕೆಯೆಂದು ಕೆಲವೆಡೆ ಬೋಧಿಸುತ್ತಾರೆ. ಹಿಜ್ಕೀಯನು ಸೈನ್ಯವಿಲ್ಲವೆಂದು ಘೋಷಿಸಲಿಲ್ಲ, ಸೈನ್ಯವಿದೆಯೆಂದೇ ದೇವರಿಗೆ ಹೇಳಿದನು. ಸೆರೆಮನೆಯಿಂದ ಫಿಲಿಪ್ಪಿಯವರಿಗೆ ಬರೆದ ಪೌಲನು ಇದಕ್ಕೆ ಕೃತಜ್ಞತಾಸ್ತುತಿಯನ್ನೂ ಸೇರಿಸಿದ್ದಾನೆ (4:6). ಆದ್ದರಿಂದ ಅದೇ ಪುಟದ ಕೆಳಗೆ, ಕೈಯಲ್ಲಿ ಈಗಾಗಲೇ ಇರುವ 18,000ಕ್ಕಾಗಿ ದೇವರಿಗೆ ಸ್ತೋತ್ರ ಎಂದು ಬರೆಯುವುದು ಯೋಗ್ಯವಾದದ್ದು.

ಕಾಲುವೆಯನ್ನೂ ತೋಡಬೇಕು

ದೇವರನ್ನು ನಂಬುವವರು ಕೈಕಟ್ಟಿ ಕುಳಿತಿರಬೇಕೆಂದು ಯಾರಾದರೂ ತಿಳಿದಿದ್ದರೆ ಅವರು ಎರಡನೆಯ ಪೂರ್ವಕಾಲವೃತ್ತಾಂತದ 32ನೆಯ ಅಧ್ಯಾಯವನ್ನು ಓದಬೇಕು. ಪತ್ರವನ್ನು ಹರಡಿದ ಈ ಅರಸನೇ ಊರ ಹೊರಗಿನ ಬುಗ್ಗೆಗಳನ್ನು ಮುಚ್ಚಿಸಿದನು, ಬಿದ್ದ ಗೋಡೆಯನ್ನು ಕಟ್ಟಿಸಿದನು, ಆಯುಧಗಳನ್ನು ಮಾಡಿಸಿದನು. ನೀರನ್ನು ಪಟ್ಟಣದೊಳಗೆ ತರಲು ಬಂಡೆಯನ್ನು ಕೊರೆಸಿ ಮಾಡಿದ, ಸುಮಾರು 533 ಮೀಟರ್ ಉದ್ದದ ಸುರಂಗದಲ್ಲಿ ಯೆರೂಸಲೇಮಿಗೆ ಹೋದವರು ಇಂದಿಗೂ ಮೊಣಕಾಲುದ್ದದ ನೀರಿನಲ್ಲಿ ನಡೆಯಬಹುದು. ಎರಡು ತುದಿಗಳಿಂದ ಅಗೆಯುತ್ತಾ ಬಂದ ಕೆಲಸಗಾರರು ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳಿಸಿ ನಡುವೆ ಸೇರಿದ ಸಂಗತಿಯನ್ನು ಅಲ್ಲಿಯ ಗೋಡೆಯಲ್ಲಿ ಕೆತ್ತಿದ್ದರು. 1880ರಲ್ಲಿ ಪತ್ತೆಯಾದ ಆ ಶಾಸನವು ಈಗ ಇಸ್ತಾಂಬುಲ್‌ನಲ್ಲಿದೆ.

ಆದರೆ ಕಾಲುವೆಯೊಂದೇ ಸಾಲದೆಂಬುದನ್ನು ಪ್ರವಾದಿಯಾದ ಯೆಶಾಯನು ಯೆರೂಸಲೇಮಿನವರಿಗೆ ಖಂಡಿತವಾಗಿ ಹೇಳಿದನು. ನೀವು ಎರಡು ಗೋಡೆಗಳ ನಡುವೆ ಕೆರೆಯನ್ನು ಕಟ್ಟಿಕೊಂಡಿರಿ, ಇದನ್ನೆಲ್ಲಾ ನಡಿಸಿದಾತನ ಕಡೆಗೆ ಮಾತ್ರ ಕಣ್ಣೆತ್ತಲಿಲ್ಲ ಎಂಬುದು ಅವನ ಆಪಾದನೆ (ಯೆಶಾಯ 22:11). ಪ್ರಯತ್ನವನ್ನು ಅವನು ತಪ್ಪೆನ್ನಲಿಲ್ಲ, ಪ್ರಯತ್ನದಲ್ಲಿಯೇ ಭರವಸವಿಟ್ಟದ್ದನ್ನು ತಪ್ಪೆಂದನು. ಈ ವ್ಯತ್ಯಾಸವನ್ನು ಬದುಕಿನಲ್ಲಿ ಕಂಡುಕೊಳ್ಳಲು ಪುಟದ ನಡುವೆ ಒಂದು ಗೆರೆಯನ್ನೆಳೆದು, ಎಡಗಡೆಯಲ್ಲಿ ಇಂದು ನನ್ನ ಕೈಯಿಂದ ಆಗುವ ಕೆಲಸವನ್ನೂ ಬಲಗಡೆಯಲ್ಲಿ ನನ್ನ ಕೈಮೀರಿದ್ದನ್ನೂ ಬರೆಯಿರಿ. ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುವುದು, ಕಂತುಗಳಲ್ಲಿ ಕಟ್ಟಲು ಅವಕಾಶವಿದೆಯೇ ಎಂದು ಕಾಲೇಜಿನ ಕಚೇರಿಯಲ್ಲಿ ವಿಚಾರಿಸುವುದು, ಅಣ್ಣನ ಬಳಿ ಬಾಯಿಬಿಟ್ಟು ಕೇಳುವುದು ಎಡಗಡೆಗೆ ಸೇರುತ್ತವೆ. ಅರ್ಜಿ ಮಂಜೂರಾಗುವುದು, ಅಣ್ಣನ ಮನಸ್ಸು ಕರಗುವುದು ಬಲಗಡೆಗೆ. ಎಡಗಡೆಯದನ್ನು ಅದೇ ದಿನ ಮಾಡಿ ಮುಗಿಸಬೇಕು. ಬಲಗಡೆಯದನ್ನು ಪ್ರಾರ್ಥನೆಯಲ್ಲಿ ಮಾತ್ರ ಮುಟ್ಟಬೇಕು. ಚಿಂತೆಯು ಯಾವಾಗಲೂ ಬಲಗಡೆಯಲ್ಲಿ ಕುಳಿತು ಎಡಗಡೆಯ ಕೆಲಸಗಳನ್ನು ಮರೆಸುತ್ತದೆ ಎಂಬುದನ್ನು ಹೀಗೆ ಬರೆದುಕೊಳ್ಳುವವರು ಬೇಗನೆ ಕಂಡುಕೊಳ್ಳುತ್ತಾರೆ.

ಒಪ್ಪಿಸಿದ್ದು ಹಿಂದಿರುಗಿ ಬಂದಾಗ

ಪ್ರಾರ್ಥಿಸಿ ಎದ್ದ ಒಂದು ಗಂಟೆಯೊಳಗೆ ಅದೇ ಭಯ ಮರಳಿ ಬಂದರೆ ನಿಮ್ಮ ಪ್ರಾರ್ಥನೆ ವ್ಯರ್ಥವಾಯಿತೆಂದು ಎಣಿಸಬೇಡಿ. ಹಿಜ್ಕೀಯನಿಗೂ ಹಾಗೆಯೇ ಆಯಿತು. ರಬ್ಷಾಕೆಯ ಮಾತುಗಳಿಗೆ ಭಯಪಡಬೇಡ ಎಂದು ಯೆಶಾಯನ ಮೂಲಕ ದೇವರ ವಾಕ್ಯವು ಮೊದಲೇ ಬಂದಿತ್ತು (19:6). ಬೆದರಿಕೆಯ ಪತ್ರ ಬಂದದ್ದು ಆ ವಾಕ್ಯ ಬಂದ ಮೇಲೆ. ಮೊದಲು ಬಟ್ಟೆಗಳನ್ನು ಹರಿದುಕೊಂಡು ಗೋಣಿತಟ್ಟನ್ನು ಸುತ್ತಿಕೊಂಡು ಆಲಯಕ್ಕೆ ಹೋಗಿದ್ದ ಅರಸನು ಪತ್ರವನ್ನು ಹಿಡಿದುಕೊಂಡು ಎರಡನೆಯ ಸಲವೂ ಹೋದನು, ಮತ್ತು ಮತ್ತೆ ಯಾಕೆ ಬಂದೆ ಎಂದು ದೇವರು ಗದರಿಸಲಿಲ್ಲ. ಭಯ ಹಿಂದಿರುಗಿದಷ್ಟು ಸಲವೂ ಅದೇ ಪುಟವನ್ನು ತೆರೆದು, ಇದನ್ನು ನಿನಗೆ ಒಪ್ಪಿಸಿದ್ದೇನೆ ಎಂದು ಬೆರಳಿಟ್ಟು ಹೇಳಿರಿ. ಹೊಸ ಪ್ರಾರ್ಥನೆಯನ್ನು ಕಟ್ಟುವ ಅಗತ್ಯವಿಲ್ಲ.

ಉತ್ತರವು ತಡವಾಗುವ ವಿಷಯದಲ್ಲಿ ಎಚ್ಚರಿಕೆಯೊಂದನ್ನು ಹೇಳಬೇಕು. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ನಮ್ಮ ಅನೇಕ ಸಭೆಗಳವರು ವಾಗ್ದಾನ ವಚನದ ಕಾರ್ಡನ್ನು ತೆಗೆದುಕೊಳ್ಳುತ್ತಾರೆ. ಯೆರೆಮೀಯ 29:11 ಸಿಕ್ಕಿದವರ ಸಂತೋಷಕ್ಕೆ ಪಾರವಿರುವುದಿಲ್ಲ. ನಿಮಗೆ ಒಳ್ಳೆಯ ಗತಿಯಾಗಲಿ, ನಿರೀಕ್ಷೆಯಿರಲಿ ಎಂಬ ದೇವರ ಯೋಚನೆಯನ್ನು ಹೇಳುವ ಆ ವಚನದ ಹಿಂದಿನ ವಚನವೇ ಬಾಬೆಲಿನ ಸೆರೆವಾಸದ ಎಪ್ಪತ್ತು ವರ್ಷಗಳ ಬಗ್ಗೆ ಹೇಳುತ್ತದೆ. ಅದಕ್ಕೂ ಮೊದಲು, ಸೆರೆಯಾಗಿ ಹೋದ ಊರಿನಲ್ಲಿಯೇ ಮನೆಗಳನ್ನು ಕಟ್ಟಿಕೊಳ್ಳಿರಿ, ತೋಟಗಳನ್ನು ಮಾಡಿ ಫಲವನ್ನು ತಿನ್ನಿರಿ ಎಂಬ ಅಪ್ಪಣೆಯಿದೆ. ಕಾರ್ಡಿನ ವಚನವನ್ನು ಗೋಡೆಗೆ ಅಂಟಿಸುವ ಮೊದಲು ಆ ಅಧ್ಯಾಯವನ್ನು ಪೂರ್ತಿ ಓದುವ ರೂಢಿ ಮಾಡಿಕೊಂಡರೆ, ಮಾರ್ಚ್ ತಿಂಗಳಲ್ಲಿ ದೇವರು ಮಾತು ತಪ್ಪಿದನೆಂದು ನೊಂದುಕೊಳ್ಳುವ ಪ್ರಸಂಗ ಬರುವುದಿಲ್ಲ. ಹಿಜ್ಕೀಯನಿಗೆ ಕೊಟ್ಟ ಗುರುತೂ ಹೀಗೆಯೇ ಇತ್ತು: ಈ ವರ್ಷ ತಾನಾಗಿ ಬೆಳೆದದ್ದನ್ನು ತಿನ್ನುವಿರಿ, ಎರಡನೆಯ ವರ್ಷವೂ ಅದರಿಂದ ಚಿಗುರಿದ್ದನ್ನೇ ತಿನ್ನುವಿರಿ, ಮೂರನೆಯ ವರ್ಷದಲ್ಲಿ ಬಿತ್ತಿ ಕೊಯ್ಯುವಿರಿ (19:29). ಅಶ್ಶೂರರ ಸೈನ್ಯವು ಒಂದೇ ರಾತ್ರಿಯಲ್ಲಿ ಅಳಿಯಿತು, ಹೊಲಗಳು ಮೊದಲಿನಂತಾಗಲು ವರ್ಷಗಳು ಹಿಡಿದವು. ಸಾಲ ತೀರಿದ ಮೇಲೂ ಮನೆಯ ಖರ್ಚನ್ನು ಬಹುಕಾಲ ಬಿಗಿಹಿಡಿಯಬೇಕಾಗಿ ಬಂದರೆ ಅದನ್ನು ಬಿಡುಗಡೆಯ ಭಾಗವಾಗಿಯೇ ಎಣಿಸಬಹುದು.

ಒಬ್ಬರೇ ಹೊರಬೇಡಿ

ಹಿಜ್ಕೀಯನು ಅರಸನಾಗಿದ್ದರೂ ಅಧಿಕಾರಿಗಳನ್ನೂ ವೃದ್ಧ ಯಾಜಕರನ್ನೂ ಗೋಣಿತಟ್ಟಿನಲ್ಲೇ ಯೆಶಾಯನ ಬಳಿಗೆ ಕಳುಹಿಸಿ, ನಮಗಾಗಿ ಪ್ರಾರ್ಥಿಸು ಎಂದು ಬೇಡಿದನು. ಸಭಾಪಾಲಕರಿಗೋ ನಂಬಿಕೆಗೆ ಯೋಗ್ಯರಾದ ಒಬ್ಬ ಹಿರಿಯರಿಗೋ ಆ ಪುಟವನ್ನು ತೋರಿಸಿರಿ. ಕೂಟದಲ್ಲಿ ಎಲ್ಲರೆದುರು ಹೇಳಲೇಬೇಕೆಂದಿಲ್ಲ. ಗುಟ್ಟನ್ನು ಕಾಪಾಡುವ ಒಬ್ಬರಿದ್ದರೆ ಸಾಕು. ಕೇಳಿಸಿಕೊಳ್ಳುವವರು ವಚನವನ್ನು ಹೇಳುವ ಆತುರ ಮಾಡದೆ ಮಾತು ಮುಗಿಯುವ ತನಕ ಕಾಯಬೇಕು, ಮತ್ತು ಹೊರಡುವ ಮುನ್ನ ಎಡಗಡೆಯ ಕೆಲಸಗಳಲ್ಲಿ ಒಂದನ್ನು ತಾವು ಮಾಡಿಕೊಡಲಾದೀತೇ ಎಂದು ಕೇಳಬೇಕು.

ಇದೇ ಅರಸನು ಆ ದಿನಗಳಲ್ಲಿ ಮರಣಕರ ರೋಗದಲ್ಲಿ ಬಿದ್ದು ಅತ್ತು ಪ್ರಾರ್ಥಿಸಿದಾಗ, ಹದಿನೈದು ವರ್ಷ ಆಯುಷ್ಯವನ್ನು ಕೂಡಿಸುತ್ತೇನೆಂಬ ವಾಗ್ದಾನವನ್ನು ತಂದ ಯೆಶಾಯನೇ, ಅಂಜೂರದ ಹಣ್ಣುಗಳ ಉಂಡೆಯನ್ನು ತಂದು ಹುಣ್ಣಿನ ಮೇಲೆ ಇಡಿರಿ ಎಂದನು (20:7). ವಾಗ್ದಾನವಿದ್ದರೂ ಔಷಧವನ್ನು ಬಿಡಲಿಲ್ಲ. ಆದುದರಿಂದ ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಊಟ ಸೇರದಿದ್ದರೆ, ಎದೆಬಡಿತ ಹೆಚ್ಚಾಗಿ ಕೈಕಾಲು ನಡುಗುತ್ತಿದ್ದರೆ, ಬದುಕೇ ಬೇಡವೆಂಬ ಯೋಚನೆ ಬರುತ್ತಿದ್ದರೆ, ಪ್ರಾರ್ಥನೆಯ ಜೊತೆಗೆ ವೈದ್ಯರನ್ನು ತಪ್ಪದೆ ಕಾಣಬೇಕು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ನಂಬಿಕೆಯ ಹೆಸರಿನಲ್ಲಿ ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ, ಹೇಳಿದವರು ಎಷ್ಟೇ ಭಕ್ತರಾಗಿದ್ದರೂ ಆ ಮಾತನ್ನು ಕೇಳಬೇಡಿ. ಮಾತ್ರೆಯನ್ನು ಕಡಿಮೆ ಮಾಡುವುದಿದ್ದರೂ ನಿಲ್ಲಿಸುವುದಿದ್ದರೂ ಅದನ್ನು ಬರೆದುಕೊಟ್ಟ ವೈದ್ಯರನ್ನೇ ಕೇಳಿ ಮಾಡಿರಿ.