ಮನೆ ಮಾರುವಾಗ ದೋಷಗಳನ್ನು ತಿಳಿಸುವ ಕ್ರಮ

ಮನೆ ಮಾರಲು ಹೊರಟವರು ಮೊದಲು ಕಣ್ಣಿಗೆ ಕಾಣುವ ದೋಷವನ್ನೂ ಮರೆಯಲ್ಲಿರುವ ದೋಷವನ್ನೂ ಬೇರ್ಪಡಿಸಿಕೊಳ್ಳಬೇಕು. ಒಡೆದ ಕಿಟಕಿ ಗಾಜನ್ನು ಕೊಳ್ಳುವವರು ತಾವೇ ನೋಡಬಲ್ಲರು. ಜೋರು ಮಳೆಯಲ್ಲಿ ಮಾತ್ರ ಸೋರುವ ತಾರಸಿ, ಹೊಸ ಬಣ್ಣದಡಿ ಅಡಗಿದ ತೇವ, ಒಳಗೊಳಗೇ ಗೆದ್ದಲು ತಿಂದ ತೊಲೆ ಅಲ್ಲಿ ವಾಸವಿದ್ದವರಿಗಷ್ಟೇ ಗೊತ್ತು.

ಭಾರತದ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಪ್ರಕರಣದ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ, ಮಾರುವವರಿಗೆ ತಿಳಿದಿದ್ದು ಕೊಳ್ಳುವವರಿಗೆ ತಿಳಿಯದಿರುವ, ಸಾಮಾನ್ಯ ಎಚ್ಚರ ವಹಿಸಿದರೂ ಪತ್ತೆಯಾಗದ ಮಹತ್ವದ ದೋಷವನ್ನು, ಅದು ಸ್ವತ್ತಿನದ್ದಾಗಿರಲಿ ಮಾಲೀಕತ್ವದ್ದಾಗಿರಲಿ, ತಿಳಿಸಲೇಬೇಕು. ಮುಚ್ಚಿಟ್ಟರೆ ಅದು ವಂಚನೆ ಎನಿಸುತ್ತದೆ. ಅಮೆರಿಕದಲ್ಲಿ 1978ಕ್ಕಿಂತ ಮುಂಚೆ ಕಟ್ಟಿದ ಬಹುತೇಕ ಮನೆಗಳ ವಿಷಯದಲ್ಲಿ ಸೀಸದ ಬಣ್ಣದ ಬಗ್ಗೆ ತಿಳಿದದ್ದನ್ನು ಹೇಳುವುದು ಕಡ್ಡಾಯ.

ಮುಂಗಡ ಪಡೆಯುವ ಮೊದಲೇ ಕೋಣೆ ಕೋಣೆ ಸುತ್ತಿ, ದುರಸ್ತಿಯ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡು ಪಟ್ಟಿ ಬರೆಯಿರಿ. ‘ತಾರಸಿಯಲ್ಲಿ ಸಣ್ಣ ತೊಂದರೆಯಿದೆ’ ಎಂಬ ಜಾಣ ವಾಕ್ಯ, ನನ್ನ ಅಭಿಪ್ರಾಯದಲ್ಲಿ, ಮೌನಕ್ಕಿಂತ ಹೆಚ್ಚೇನೂ ಒಳ್ಳೆಯದಲ್ಲ. ‘ಮಲಗುವ ಕೋಣೆಯ ಮೇಲಿನ ಮೂಲೆ ಸೋರುತ್ತಿತ್ತು, ಎರಡು ವರ್ಷದ ಹಿಂದೆ ಲೇಪನ ಹಾಕಿಸಿದೆವು, ಕಳೆದ ಮಳೆಗಾಲದಲ್ಲಿ ಮತ್ತೆ ತೇವ ಕಾಣಿಸಿತು’ ಎಂದು ಬಿಡಿಸಿ ಬರೆದರೆ ಮುಂದೆ ತಕರಾರಿಗೆ ಎಡೆಯಿರುವುದಿಲ್ಲ. ಗೋಡೆಯ ಬಿರುಕಿನ ಮುಂದೆ ಬೀರು ಸರಿಸಿಡುವುದಂತೂ ಬೇಡ; ಬೇಕೆಂದೇ ಮರೆಮಾಚಿದ್ದಕ್ಕೆ ಅದೇ ಸಾಕ್ಷಿಯಾದೀತು.

ಕೊಳ್ಳುವವರು ನೇರವಾಗಿ ಕೇಳಿದಾಗ ನಿಮಗೆ ಗೊತ್ತಿಲ್ಲದ್ದನ್ನು ಊಹಿಸಿ ಹೇಳದೆ, ಗೊತ್ತಿಲ್ಲವೆಂದೇ ಹೇಳಿ. ಪಟ್ಟಿಯ ಎರಡು ಪ್ರತಿ ಮಾಡಿ, ದಿನಾಂಕ ಹಾಕಿ, ಇಬ್ಬರೂ ಸಹಿ ಮಾಡಿ, ಒಂದನ್ನು ಕ್ರಯದ ಕರಾರಿಗೆ ಲಗತ್ತಿಸಿರಿ.