ಮಾತ್ರೆ ನಾಟುವವರೆಗೆ

ಆತಂಕಕ್ಕೆ ಕೊಡುವ ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್‌ನಂಥ ಮಾತ್ರೆಗಳು ತಲೆನೋವಿನ ಮಾತ್ರೆಯ ಹಾಗೆ ಅರ್ಧ ಗಂಟೆಯಲ್ಲಿ ನಾಟುವುದಿಲ್ಲ. 2ರಿಂದ 6 ವಾರ ಬೇಕು. ಪೂರ್ತಿ ಗುಣ ಕಾಣಲು ಕೆಲವರಿಗೆ 12 ವಾರವೂ ಆಗುತ್ತದೆ. ಈ ಅವಧಿಯನ್ನು ದಾಟಲು ನಾನು ಪಾಲಿಸಿದ ಕ್ರಮ ಇದು.

ಮೊದಲ ಹತ್ತು–ಹದಿನೈದು ದಿನವೇ ಕಷ್ಟದ್ದು. ಹೊಟ್ಟೆ ತೊಳಸುವುದು, ನಿದ್ದೆ ಕೆಡುವುದು, ಒಳಗೊಳಗೇ ಚಡಪಡಿಕೆ. ಆತಂಕ ಇನ್ನಷ್ಟು ಏರಿತೇನೋ ಅನ್ನಿಸುತ್ತದೆ. ಇದಕ್ಕೇ ವೈದ್ಯರು ಎಷ್ಟೋ ಸಲ ಎಸ್ಸಿಟಾಲೊಪ್ರಾಮನ್ನು 5 ಮಿಲಿಗ್ರಾಂ, ಸರ್ಟ್ರಾಲಿನನ್ನು 25 ಮಿಲಿಗ್ರಾಂನಿಂದ ಶುರುಮಾಡಿ ಆಮೇಲೆ ಏರಿಸುತ್ತಾರೆ. ‘ನನಗೆ ಒಗ್ಗುತ್ತಿಲ್ಲ’ ಎಂದು ಬಹಳ ಮಂದಿ ಮಾತ್ರೆ ಬಿಡುವುದು ಈ ಹಂತದಲ್ಲೇ. ಹೊಟ್ಟೆ ತೊಳಸಿದರೆ ಊಟದ ಜೊತೆ ತೆಗೆದುಕೊಳ್ಳಿ. ನಿದ್ದೆ ಹಾರಿಹೋಗುತ್ತಿದ್ದರೆ ಬೆಳಗ್ಗೆಗೆ, ತೂಕಡಿಕೆ ಬರುತ್ತಿದ್ದರೆ ರಾತ್ರಿಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಒಂದು ಹೊತ್ತು ಮರೆತರೆ ಮುಂದಿನ ಸಲ ಎರಡು ನುಂಗಬೇಡಿ.

ಗಾಬರಿ ಏರಿದಾಗ ಕೈಗೆ ಸಿಗುವುದು ಉಸಿರು. ಆದರೆ ‘ದೀರ್ಘವಾಗಿ ಉಸಿರೆಳೆದುಕೋ’ ಎಂಬ ಸಲಹೆಯೇ ಎಷ್ಟೋ ಸಲ ಎಡವಟ್ಟು ಮಾಡುತ್ತದೆ. ಬಾಯಿ ತೆರೆದು ದೊಡ್ಡ ದೊಡ್ಡ ಉಸಿರೆಳೆದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ಬೆರಳ ತುದಿ, ತುಟಿ ಜುಮುಗುಡುತ್ತವೆ, ತಲೆ ಹಗುರಾಗುತ್ತದೆ. ಅದನ್ನು ಕಂಡು ಗಾಬರಿ ಇಮ್ಮಡಿಯಾಗುತ್ತದೆ. ಬೆನ್ನಿಗೆ ಆಸರೆ ಇರುವಂತೆ ಕುಳಿತು, ಒಂದು ಕೈ ಹೊಟ್ಟೆಯ ಮೇಲಿಟ್ಟು, ಮೂಗಿನಿಂದ 4 ಎಣಿಸುವಷ್ಟು ಮೆಲ್ಲಗೆ ಒಳಕ್ಕೆ, ಸೀಟಿ ಊದುವಂತೆ ತುಟಿ ಕಿರಿದು ಮಾಡಿ 6 ಎಣಿಸುವಷ್ಟು ಹೊರಕ್ಕೆ. ಏಳಬೇಕಾದ್ದು ಹೊಟ್ಟೆಯ ಮೇಲಿನ ಕೈ, ಭುಜವಲ್ಲ. ಹೀಗೆ 5 ನಿಮಿಷ. ಜುಮುಗುಟ್ಟಿದರೆ ಉಸಿರನ್ನು ಇನ್ನೂ ಚಿಕ್ಕದು ಮಾಡಿ. ಗಾಬರಿ ಇಲ್ಲದಾಗಲೂ ದಿನಕ್ಕೆ ಎರಡು ಸಲ ಮಾಡಿಟ್ಟುಕೊಂಡರಷ್ಟೇ ಬೇಕಾದಾಗ ಕೈಹಿಡಿಯುತ್ತದೆ.

ಬೆಳಗಿನ ಹೊತ್ತು ಎದೆ ಹೊಡೆದುಕೊಳ್ಳುವುದು ಹೆಚ್ಚು. ಎದ್ದ ಹೊತ್ತಿಗೆ ದೇಹದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ತಾನಾಗಿಯೇ ಏರುವುದೂ ಇದಕ್ಕೊಂದು ಕಾರಣ. ಹಾಸಿಗೆಯಲ್ಲೇ ಬಿದ್ದುಕೊಂಡು ಬಡಿತ ಎಣಿಸಬೇಡಿ, ಎದ್ದು 20 ನಿಮಿಷ ನಡೆಯಿರಿ. ಎದೆಬಡಿತ ಏರಿಸುವ ಕಾಫಿ, ಟೀ ಕಡಿಮೆ ಮಾಡಿ. ಒಮ್ಮೆಲೇ ಬಿಟ್ಟರೆ ತಲೆನೋವು ಬರಬಹುದು, ಅಳತೆಯನ್ನು ದಿನದಿನಕ್ಕೆ ಇಳಿಸಿ.

‘ಇವತ್ತು ನಾಟಿತಾ?’ ಎಂದು ಗಂಟೆಗೊಮ್ಮೆ ತನ್ನನ್ನೇ ತಾನು ಪರೀಕ್ಷಿಸಿಕೊಳ್ಳುವುದು ಆತಂಕಕ್ಕೇ ಮೇವು. ರಾತ್ರಿ ಒಂದೇ ಸಲ, ಆ ದಿನ ಆತಂಕ ಎಷ್ಟಿತ್ತೆಂದು 0ರಿಂದ 10ರೊಳಗೆ ಒಂದು ಅಂಕಿ ಪುಸ್ತಕದಲ್ಲಿ ಬರೆಯಿರಿ. ದಿನಕ್ಕೆ ದಿನ ಹೋಲಿಸದೆ ವಾರಕ್ಕೆ ವಾರ ಹೋಲಿಸಿ. ಗಾಬರಿ ಬಂದಾಗ ಶುರುವಾದ, ಇಳಿದ ಹೊತ್ತನ್ನೂ ಗುರುತು ಹಾಕಿ. 40 ನಿಮಿಷ ಕಾಡುತ್ತಿದ್ದದ್ದು 15 ನಿಮಿಷಕ್ಕೆ ಇಳಿದಿದ್ದರೆ ಅದೇ ಸುಧಾರಣೆ, ಮನಸ್ಸು ಅದನ್ನು ಇನ್ನೂ ಒಪ್ಪಿರದಿದ್ದರೂ ಸರಿ.

ಕಾಯುವ ಅವಧಿಗೆಂದು ಆತಂಕವನ್ನು ಬೇಗ ತಗ್ಗಿಸುವ ಕ್ಲೋನಜೆಪಾಮ್ ಮಾತ್ರೆ ಬರೆದುಕೊಟ್ಟಿದ್ದರೆ ಹೇಳಿದಷ್ಟೇ ಡೋಸ್, ಹೇಳಿದಷ್ಟೇ ದಿನ. ಮದ್ಯದ ಜೊತೆ ಅದು ಅಪಾಯ, ಮಂಪರಿದ್ದಾಗ ಗಾಡಿ ಓಡಿಸಬಾರದು, ವಾರಗಟ್ಟಲೆ ಮುಂದುವರಿದರೆ ಚಟವಾಗಬಹುದು. ಎದೆಬಡಿತ ತಗ್ಗಿಸುವ ಪ್ರೊಪ್ರನಲಾಲ್ ಕೊಟ್ಟಿದ್ದರೆ, ಆಸ್ತಮಾ ಇದ್ದಲ್ಲಿ ಅದನ್ನು ವೈದ್ಯರಿಗೆ ಮರೆಯದೆ ತಿಳಿಸಿ. ಡೆಕ್ಸ್ಟ್ರೊಮೆಥಾರ್ಫಾನ್ ಇರುವ ಕೆಮ್ಮಿನ ಸಿರಪ್, ನೋವಿಗೆ ಕೊಡುವ ಟ್ರಾಮಡಾಲ್ ಈ ಮಾತ್ರೆಗಳ ಜೊತೆ ಸೇರಿದರೆ ತೊಂದರೆಯಾಗಬಹುದು, ಕೇಳದೆ ತೆಗೆದುಕೊಳ್ಳಬೇಡಿ.

ಸಾಯುವ ಯೋಚನೆ ಬಂದರೆ (25 ವರ್ಷದೊಳಗಿನವರಲ್ಲಿ ಮೊದಲ ವಾರಗಳಲ್ಲಿ ಇದರ ಮೇಲೆ ವಿಶೇಷ ಕಣ್ಣಿಡಬೇಕು), ಕೂತಲ್ಲಿ ಕೂರಲಾಗದಷ್ಟು ತಳಮಳವಾದರೆ, ನಿದ್ದೆಯಿಲ್ಲದೆಯೂ ಅತಿ ಹುಮ್ಮಸ್ಸು ಕಂಡರೆ, ಜ್ವರದ ಜೊತೆ ಮೈ ಬಿಗಿತ, ನಡುಕ ಬಂದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ. ಮನೆಯವರಿಗೆ ಆಗಲೇ ಹೇಳಿ, ತಕ್ಷಣ ವೈದ್ಯರನ್ನು ಕಾಣಿ.

4ರಿಂದ 6 ವಾರವಾದರೂ ಏನೇನೂ ಬದಲಾಗದಿದ್ದರೆ ಅಂಕಿ ಬರೆದ ಪುಸ್ತಕವನ್ನು ವೈದ್ಯರ ಮುಂದಿಡಿ. ಡೋಸ್ ಏರಿಸುವುದೋ, ಬೇರೆ ಮಾತ್ರೆಗೆ ಹೋಗುವುದೋ ಅವರು ನಿರ್ಧರಿಸಲು ಅದು ಸಾಕಷ್ಟು ನೆರವಾಗುತ್ತದೆ. ನೀವಾಗಿಯೇ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಆಗಬಹುದು. ಅದನ್ನೇ ‘ಆತಂಕ ಮರಳಿತು’ ಎಂದು ತಪ್ಪು ತಿಳಿಯುವವರು ಬಹಳ.